ಮೇಣದ ಸಿಲಿಂಡರಿನಲ್ಲಿ ಉಳಿದ ಒಪೆರಾ

ಒಪೆರಾ ನಡೆಯುತ್ತಿರುವಾಗಲೇ ರಂಗಮಂದಿರದಲ್ಲಿ ಹಿಡಿದ, ಇಂದಿಗೂ ಕೇಳಲು ಸಿಗುವ ಅತಿ ಹಳೆಯ ಧ್ವನಿಮುದ್ರಣಗಳಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದವು ಬಹು ಮುಖ್ಯವಾದವು. ಅವನ್ನು ಮಾಡಿದ ಲಯೊನೆಲ್ ಮೇಪಲ್‌ಸನ್ ಆ ಸಂಸ್ಥೆಯ ಸಂಗೀತ ಗ್ರಂಥಪಾಲಕರಾಗಿದ್ದರು. 1900ರಲ್ಲಿ ಎಡಿಸನ್ ಫೋನೋಗ್ರಾಫ್ ಒಂದನ್ನು ಕೊಂಡ ಅವರು 1903ರವರೆಗೆ ಪ್ರದರ್ಶನಗಳ ತುಣುಕುಗಳನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದರು. ಧ್ವನಿಮುದ್ರಣಕ್ಕೆ ಆಗ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ಹಾರ್ನ್ ಹೊಕ್ಕ ದನಿಯೇ ತೆಳುಪೊರೆಯನ್ನು ನಡುಗಿಸಬೇಕು, ಪೊರೆಗೆ ಸೇರಿದ ಮೊನೆ ತಿರುಗುವ ಮೇಣದಲ್ಲಿ ಗೀರು ಕೊರೆಯಬೇಕು. ಒಂದು ಸಿಲಿಂಡರಿಗೆ ಸುಮಾರು ಎರಡು ನಿಮಿಷ. ಹಾಡು ಮುಗಿಯದಿದ್ದರೂ ಮೇಣ ಮುಗಿಯುತ್ತಿತ್ತು.

ಮೊದಮೊದಲು ಯಂತ್ರ ಇದ್ದುದು ವೇದಿಕೆಯ ಮುಂಭಾಗದಲ್ಲಿ, ಗಾಯಕರಿಗೆ ಸಾಲು ನೆನಪಿಸುವವರು ಕೂರುವ ಗೂಡಿನಲ್ಲಿ. ಆಮೇಲೆ ಅದು ವೇದಿಕೆಯಿಂದ ಹೆಚ್ಚುಕಡಿಮೆ 40 ಅಡಿ ಮೇಲಿನ ಓಡಾಟದ ಹಲಗೆಗೆ ಏರಿತು. ಆ ಎತ್ತರದಲ್ಲಿ ಹಿಡಿದವುಗಳಲ್ಲಿ ಗಾಯಕರು ಹಾರ್ನ್‌ಗೆ ಹತ್ತಿರವಾದಾಗ ದನಿ ಉಬ್ಬುತ್ತದೆ, ಹಿಂದೆ ಸರಿದಾಗ ವಾದ್ಯಮೇಳದೊಳಗೆ ಮುಳುಗುತ್ತದೆ. ಅದೇ ಕಾಲದ ಮಾರಾಟದ ಮುದ್ರಿಕೆಗಳಲ್ಲಿ ಗಾಯಕರು ಸಣ್ಣ ಕೋಣೆಯಲ್ಲಿ ಹಾರ್ನ್‌ಗೆ ಮುಖವೊಡ್ಡಿ, ಹಲವು ಬಾರಿ ಬರಿಯ ಪಿಯಾನೋ ಜೊತೆ ಹಾಡುತ್ತಿದ್ದರು. ಪೂರ್ಣ ವಾದ್ಯಮೇಳದ ಅಲೆಯ ಮೇಲೆ ಕಂಠವೊಂದು ಹೇಗೆ ಏರುತ್ತಿತ್ತೆಂಬುದಕ್ಕೆ ಮೇಪಲ್‌ಸನ್ನರ ಮೇಣವೇ ಸಾಕ್ಷಿ. ಆ ಕಾಲದ ಮಹಾಗಾಯಕ ಜಾನ್ ಡಿ ರೆಸ್ಕೆ ಅವರ ಮಾರಾಟದ ಮುದ್ರಿಕೆ ಒಂದೂ ಇಲ್ಲ. ಅವರ ದನಿ ಉಳಿದಿರುವುದು ಇಲ್ಲಿ, ಅದೂ ತುಂಬ ಮಸುಕಾಗಿ. 1900ರಲ್ಲಿ ರೋಮಿನಲ್ಲಿ ಪುಚ್ಚೀನಿಯ 'ತೋಸ್ಕಾ' ಮೊದಲ ಬಾರಿ ರಂಗಕ್ಕೆ ಬಂದಾಗ ಕವರಾದೊಸ್ಸಿಯ ಪಾತ್ರ ಹಾಡಿದ ಎಮಿಲಿಯೊ ಡಿ ಮಾರ್ಕಿ ಅವರದೂ ಇದೇ ಕಥೆ.

ಮೇಣ ಮೆತ್ತಗಿನದು. ಪ್ರತಿಸಲ ನುಡಿಸಿದಾಗಲೂ ಮೊನೆ ಗೀರನ್ನು ಸ್ವಲ್ಪ ಸವೆಸುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಮೇಪಲ್‌ಸನ್ 1937ರಲ್ಲಿ ತೀರಿಕೊಂಡರು. ಅವರ ಸಿಲಿಂಡರುಗಳ ತುಣುಕುಗಳನ್ನು ಸಂಗ್ರಾಹಕ ವಿಲಿಯಂ ಸೆಲ್ಟ್‌ಸಮ್ ಮುದ್ರಿಕೆಗಳಾಗಿ ಹೊರತಂದರು. 1985ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಆರು ಎಲ್‌ಪಿಗಳ ಸಂಪುಟ ಪ್ರಕಟಿಸಿತು.

ಪುನರುಜ್ಜೀವನದ ಮೊದಲ ಪ್ರಶ್ನೆ ವೇಗದ್ದು. ಸಿಲಿಂಡರ್ ಸುಮಾರು ಶೇ. 6ರಷ್ಟು ವೇಗವಾಗಿ ತಿರುಗಿದರೆ ಶ್ರುತಿ ಅರ್ಧಸ್ವರ ಏರುತ್ತದೆ. ಕಂಠದ ಬಣ್ಣವೂ ಕಂಪನವೂ ಬದಲಾಗುತ್ತವೆ. ಮೇಪಲ್‌ಸನ್ನರ ಯಂತ್ರ ಒಂದೇ ವೇಗದಲ್ಲಿ ಓಡಿರಲಿಲ್ಲ. ಆದ್ದರಿಂದ ಮುದ್ರಿತ ಸ್ವರಲಿಪಿಯನ್ನು ಎದುರಿಗಿಟ್ಟು, ವಾದ್ಯಮೇಳದ ಶ್ರುತಿಗೆ ಹೊಂದುವಂತೆ ವೇಗ ಕಂಡುಕೊಳ್ಳಬೇಕು. ಗಾಯಕರು ತಮ್ಮ ಅನುಕೂಲಕ್ಕೆ ಹಾಡನ್ನು ಕೆಳಗಿನ ಶ್ರುತಿಗೆ ಇಳಿಸಿಕೊಳ್ಳುವ ರೂಢಿಯೂ ಇತ್ತಾದ್ದರಿಂದ ಸ್ವರಲಿಪಿಯನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ.

ಎರಡನೆಯದು ಸದ್ದು. ಕರಕರ, ಟಪಟಪ, ನಿರಂತರ ಭೋರ್ಗರೆತ ಇವೆಲ್ಲ ಕಂಠದ ಮೇಲೇ ಕೂತಿರುತ್ತವೆ. ಹಾರ್ನ್ ಹಿಡಿಯಬಲ್ಲ ಕಂಪನಗಳ ವ್ಯಾಪ್ತಿಯೇ ಕಿರಿದು: ಕೆಲವು ನೂರು ಹರ್ಟ್ಸ್‌ನಿಂದ ಎರಡು ಮೂರು ಸಾವಿರ ಹರ್ಟ್ಸ್‌ವರೆಗೆ. ಗಣಕಯಂತ್ರದಿಂದ ಸದ್ದನ್ನು ಪೂರ್ತಿ ತೊಳೆದರೆ ಕಂಠದ ಉಸಿರು, ಅಂಚು, ನುಡಿಯ ತುದಿ ಎಲ್ಲ ಕೊಚ್ಚಿಹೋಗಿ ಗಾಯಕಿ ನೀರೊಳಗಿಂದ ಹಾಡಿದಂತಾಗುತ್ತದೆ. ಸೂಕ್ಷ್ಮವಾದ ಕೆಲಸವೆಂದರೆ ಸಿಡಿತಗಳನ್ನು ಒಂದೊಂದಾಗಿ ತೆಗೆದು, ಭೋರ್ಗರೆತವನ್ನು ತಗ್ಗಿಸಿ, ಉಳಿದದ್ದನ್ನು ಹಾಗೇ ಬಿಡುವುದು. ಗದ್ದಲದ ಹಿಂದಿನ ಕಂಠವನ್ನು ಹುಡುಕಿಕೊಳ್ಳುವ ಶಕ್ತಿ ಕಿವಿಗಿದೆ. ತೊಳೆದುಹೋದ ಕಂಠವನ್ನು ಮರಳಿ ತರುವ ಯಂತ್ರವಿಲ್ಲ. ಅದಕ್ಕೇ ಏನನ್ನೂ ಶುದ್ಧಗೊಳಿಸದ ಪ್ರತಿಯೊಂದನ್ನು ತೆಗೆದಿಡುವುದು ಈ ಕೆಲಸದ ಕಡ್ಡಾಯ ನಿಯಮ.

ಕೇಳುವವರೂ ಸ್ವಲ್ಪ ಸಿದ್ಧರಾಗಬೇಕು. ಮೊದಲ ಸಲ ಗದ್ದಲವೇ ಕೇಳುತ್ತದೆ. ಸಾಹಿತ್ಯವನ್ನೋ ಸ್ವರಲಿಪಿಯನ್ನೋ ಕೈಯಲ್ಲಿ ಹಿಡಿದು ಮತ್ತೆ ಕೇಳಿದರೆ ರಾಗದ ಗೆರೆ ಕಾಣಿಸುತ್ತದೆ. ಮಾಯರ್‌ಬೇರ್‌ನ 'ಲೆ ಯುಗ್ನೊ'ದಲ್ಲಿ ನೆಲ್ಲಿ ಮೆಲ್ಬಾ ರಾಣಿಯಾಗಿ ಹಾಡಿದ ತುಣುಕಿನಿಂದ ಆರಂಭಿಸುವುದು ಒಳ್ಳೆಯದು: ಅವರ ಶೀಘ್ರ ಸ್ವರಗಳು ಒಂದಕ್ಕೊಂದು ಅಂಟದೆ ಉದುರುತ್ತವೆ. ಅಲ್ಲಿಂದ ಲಿಲಿಯನ್ ನಾರ್ಡಿಕಾ ಅವರ ವಾಗ್ನರ್ ಭಾಗಗಳಿಗೆ ಹೋಗಬಹುದು. ಲಯವನ್ನು ಎಲ್ಲಿ ಎಳೆಯುತ್ತಿದ್ದರು, ಎತ್ತರದ ಸ್ವರಕ್ಕೆ ಹೇಗೆ ಸಾಗುತ್ತಿದ್ದರು ಎಂಬುದನ್ನು ಈ ಸಿಲಿಂಡರುಗಳಿಂದ ಧೈರ್ಯವಾಗಿ ಹೇಳಬಹುದು. ಕಂಠದ ನಿಜವಾದ ಬಣ್ಣ, ಅದರ ಗಾತ್ರ, ವ್ಯಂಜನಗಳ ಸ್ಪಷ್ಟತೆ ಇವುಗಳ ಬಗ್ಗೆ ಮಾತ್ರ ತೀರ್ಪು ಕೊಡುವಂತಿಲ್ಲ. ಹಾರ್ನ್ ಅವನ್ನು ಹಿಡಿಯಲೇ ಇಲ್ಲ.