ಹಾಡು ಮೊದಲು, ನೆನಪು ಆಮೇಲೆ

ಗದಗಿನ ಜೋಶಿ ಮಾಸ್ತರರ ಹಿರಿಯ ಮಗನಿಗೆ ಒಂದು ಚಟವಿತ್ತು. ಬೀದಿಯಲ್ಲಿ ಬ್ಯಾಂಡಿನವರೋ ಭಜನೆಯವರೋ ಹೊರಟರೆ ಸಾಕು, ಹುಡುಗ ಅವರ ಬೆನ್ನು ಹತ್ತುತ್ತಿದ್ದ. ಕಾಲು ಸೋಲುವವರೆಗೆ ನಡೆಯುತ್ತಿದ್ದ, ಸೋತಲ್ಲೇ ಮಲಗಿ ನಿದ್ದೆಹೋಗುತ್ತಿದ್ದ. ಮನೆಯವರು ಊರೆಲ್ಲ ಹುಡುಕಬೇಕು, ಸಿಗದಿದ್ದರೆ ಪೊಲೀಸರ ಬಳಿ ಹೋಗಬೇಕು. ಬೇಸತ್ತ ಗುರುರಾಜಾಚಾರ್ಯ ಜೋಶಿಯವರು ಕೊನೆಗೊಂದು ಉಪಾಯ ಹೂಡಿದರು. ಮಗನ ಅಂಗಿಯ ಮೇಲೆಯೇ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ಅಲ್ಲಿಂದ ಮುಂದೆ, ಎಲ್ಲೋ ಮಲಗಿದ್ದ ಹುಡುಗನನ್ನು ಕಂಡವರು ಅಂಗಿ ಓದಿ ಮನೆಗೆ ತಂದು ಬಿಡತೊಡಗಿದರು.

1922ರಲ್ಲಿ ಹುಟ್ಟಿದ ಆ ಹುಡುಗನೇ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ. ಅವರ ಬಾಲ್ಯದ ಇನ್ನೊಂದು ಕತೆ ಇದಕ್ಕಿಂತ ಪ್ರಸಿದ್ಧ. ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಕೇಳಿಸಿತು. ಹೀಗೆ ಹಾಡುವುದನ್ನು ಕಲಿಯಬೇಕೆಂಬ ಹುಚ್ಚು ಹಿಡಿಯಿತು. ಹನ್ನೊಂದರ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅವರ ಸಂಗೀತ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಎಲ್ಲರೂ ಆ ಅಂಗಡಿಯ ಕಡೆಗೇ ಬೆರಳು ಮಾಡುತ್ತಾರೆ.

ಆದರೆ ಅದೇ ಮನೆಯಲ್ಲಿ ತಾಯಿ ಗೋದಾವರಿಬಾಯಿ ಭಜನೆ ಹಾಡುತ್ತಿದ್ದರು. ಅಜ್ಜ ಭೀಮಾಚಾರ್ಯರು ಕೀರ್ತನಕಾರರು. ಗ್ರಾಮಫೋನಿನ ಕಹಳೆಯಿಂದ ಹೊರಟ ಠುಮ್ರಿ ಬಂದು ಬಿದ್ದದ್ದು ಬರಿದಾದ ಕಿವಿಗಲ್ಲ, ವರ್ಷಗಳಿಂದ ಹದಗೊಂಡಿದ್ದ ಕಿವಿಗೆ. ಮೊದಲು ಕೇಳಿದ ಹಾಡು ಬೇರೆ, ಕೇಳಿದ್ದೆಂದು ಮೊದಲು ನೆನಪಾಗುವ ಹಾಡು ಬೇರೆ. ಇವೆರಡರ ನಡುವೆ ಎಲ್ಲರ ಬದುಕಿನಲ್ಲೂ ಕೆಲವು ವರ್ಷಗಳ ಅಂತರವಿದೆ.

ಆ ಅಂತರ ಶುರುವಾಗುವುದು ಹುಟ್ಟುವುದಕ್ಕೂ ಮುಂಚೆ. ಬಸಿರಿನ ಸುಮಾರು 25ನೇ ವಾರದ ಹೊತ್ತಿಗೆ ಮಗುವಿನ ಒಳಗಿವಿ ಕೆಲಸ ಮಾಡತೊಡಗುತ್ತದೆ. ಸುತ್ತ ನೀರು, ಅದರಾಚೆ ತಾಯಿಯ ಮಾಂಸ, ಚರ್ಮ. ಎತ್ತರದ ಕಂಪನಾಂಕಗಳು ದಾರಿಯಲ್ಲೇ ಸೋರಿಹೋಗಿ, ತಗ್ಗಿನವು ಒಳಗೆ ತಲುಪುತ್ತವೆ. ಪಕ್ಕದ ಮನೆಯಲ್ಲಿ ಯಾರೋ ಹಾಡಿದರೆ ಗೋಡೆಯ ಈಚೆಗೆ ಹೇಗೆ ಕೇಳುತ್ತದೋ ಬಹುಮಟ್ಟಿಗೆ ಹಾಗೆ: ಮಾತು ತಿಳಿಯದು, ಧಾಟಿ ತಿಳಿಯುತ್ತದೆ. ಇಲ್ಲಿ ಅಭಿಮನ್ಯುವನ್ನು ನೆನೆಯದ ಕನ್ನಡಿಗರು ಕಡಿಮೆ. ಆದರೆ ಈ ಲೆಕ್ಕದಲ್ಲಿ ಅವನಿಗೆ ಚಕ್ರವ್ಯೂಹದ ವಿವರ ಒಂದಿಷ್ಟೂ ತಿಳಿದಿರಲಾರದು. ಹೇಳುತ್ತಿದ್ದವರ ದನಿಯ ಏರಿಳಿತ ಮಾತ್ರ ಗುರುತಾಗಿದ್ದೀತು.

ಈ ಗುರುತನ್ನು ಅಳೆಯಲು ವಿಜ್ಞಾನಿಗಳು ಹಿಡಿದ ದಾರಿಗಳು ಕೆಲವೊಮ್ಮೆ ತಮಾಷೆಯಾಗಿವೆ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ್ದು ‘ನೇಬರ್ಸ್’ ಎಂಬ ಆಸ್ಟ್ರೇಲಿಯಾದ ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆಯನ್ನು. ಬಸಿರಿಯಾಗಿದ್ದಾಗ ಆ ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಕೂಸುಗಳು, ಹುಟ್ಟಿ ಕೆಲವೇ ದಿನವಾಗಿದ್ದಾಗ, ಆ ಧಾಟಿ ಕೇಳುತ್ತಲೇ ಕೈಕಾಲು ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟವು. ಧಾರಾವಾಹಿ ನೋಡದವರ ಮಕ್ಕಳು ಕ್ಯಾರೇ ಅನ್ನಲಿಲ್ಲ. ಆದರೆ ನಡುವೆ ಮತ್ತೆ ಕೇಳಿಸದಿದ್ದರೆ ಮೂರು ವಾರದ ಹೊತ್ತಿಗೆ ಆ ಗುರುತು ಅಳಿಸಿಹೋಗಿತ್ತು. ಹೆಲ್ಸಿಂಕಿಯ ಸಂಶೋಧಕರು 2013ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಂದಿರು ‘ಟ್ವಿಂಕಲ್ ಟ್ವಿಂಕಲ್’ ಧಾಟಿಯನ್ನು ವಾರಕ್ಕೆ ಐದು ದಿನ ಹಾಕಿದರು. ಹುಟ್ಟಿದ ಮೇಲೆ ಮಕ್ಕಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗ, ಆ ಧಾಟಿಗೆ ಅವು ಉಳಿದ ಮಕ್ಕಳಿಗಿಂತ ಜೋರಾಗಿ ಸ್ಪಂದಿಸುತ್ತಿದ್ದವು. ನಾಲ್ಕು ತಿಂಗಳಾದಾಗಲೂ ಆ ವ್ಯತ್ಯಾಸ ಉಳಿದಿತ್ತು.

ಇಷ್ಟನ್ನೇ ಬಂಡವಾಳ ಮಾಡಿಕೊಂಡು, ಬಸಿರಿಯ ಹೊಟ್ಟೆಗೆ ಸ್ಪೀಕರ್ ಕಟ್ಟಿ ಮಗುವಿನ ಬುದ್ಧಿ ಬೆಳೆಸುತ್ತೇವೆಂದು ಹೊರಟವರಿದ್ದಾರೆ. ಈ ಪ್ರಯೋಗಗಳು ಅಂಥದ್ದೇನನ್ನೂ ಹೇಳಿಲ್ಲ. ಕೇಳಿದ್ದನ್ನು ಮಗು ಗುರುತು ಹಿಡಿಯುತ್ತದೆ, ಅಷ್ಟೇ.

ಹುಟ್ಟಿದ ಮೇಲಂತೂ ಈ ಗುರುತಿನ ಚೀಲ ಬೇಗ ಬೇಗ ತುಂಬುತ್ತದೆ. ಅಮೆರಿಕದ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ಏಳು ತಿಂಗಳ ಮಕ್ಕಳಿಗೆ ಎರಡು ವಾರ ದಿನವೂ ಮೊಜಾರ್ಟ್‌ನ ಸಂಗೀತ ಕೇಳಿಸಿ, ಇನ್ನೆರಡು ವಾರ ಸುಮ್ಮನಿದ್ದು, ಆಮೇಲೆ ಪರೀಕ್ಷಿಸಿದರು. ಕೇಳಿದ್ದನ್ನೂ ಕೇಳದ್ದನ್ನೂ ಮಕ್ಕಳು ಬೇರೆ ಮಾಡಿದವು. ತಾಳದ ವಿಷಯ ಇನ್ನೂ ಸೋಜಿಗದ್ದು. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದಂತೆ, ಉತ್ತರ ಅಮೆರಿಕದ ಆರು ತಿಂಗಳ ಕೂಸು ಬಾಲ್ಕನ್ ನಾಡಿನ ವಿಷಮ ತಾಳದಲ್ಲಿ ಎಡವಟ್ಟಾದರೂ ಗಮನಿಸುತ್ತದೆ. ಅದರ ಅಪ್ಪ ಅಮ್ಮನಿಗೆ ಅದು ಆಗುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಮಗುವೂ ಅಪ್ಪ ಅಮ್ಮನಂತೆಯೇ ಆಗುತ್ತದೆ. ಆಗಲೂ ಎರಡು ವಾರ ಆ ಸಂಗೀತ ಕೇಳಿಸಿದರೆ ಕಳೆದುಕೊಂಡದ್ದು ಮಗುವಿಗೆ ಮರಳಿ ಬರುತ್ತದೆ, ದೊಡ್ಡವರಿಗೆ ಬರುವುದಿಲ್ಲ. ಮಿಶ್ರಛಾಪು ತಾಳದ ಏಳು ಅಕ್ಷರಗಳ ದೇವರನಾಮ ಹಾಡುವ ಮನೆಯ ಮಗುವಿಗೆ ಏಳನ್ನು ಯಾರೂ ಎಣಿಸಿ ಕಲಿಸುವುದಿಲ್ಲ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಇಷ್ಟೆಲ್ಲ ಕೇಳಿ, ಗುರುತು ಹಿಡಿದು, ತಲೆಯಾಡಿಸಿದ ಮಗು ದೊಡ್ಡದಾದ ಮೇಲೆ ಇದರಲ್ಲಿ ಒಂದು ಗಳಿಗೆಯೂ ನೆನಪಿನಲ್ಲಿ ಉಳಿಯುವುದಿಲ್ಲ. ದೊಡ್ಡವರು ಹೇಳುವ ಮೊಟ್ಟಮೊದಲ ನೆನಪು ಸರಾಸರಿ ಮೂರರಿಂದ ಮೂರೂವರೆ ವರ್ಷದ್ದು. ಮನಶ್ಶಾಸ್ತ್ರಜ್ಞರು ಇದನ್ನು ಶೈಶವದ ಮರೆವು ಎನ್ನುತ್ತಾರೆ. ಈ ಮಾತನ್ನು ಚಲಾವಣೆಗೆ ತಂದವನು ಸಿಗ್ಮಂಡ್ ಫ್ರಾಯ್ಡ್. ಅವನಿಗೆ ಸಂಗೀತವೆಂದರೆ ಆಗುತ್ತಿರಲಿಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಹುಡುಗನಿದ್ದಾಗ ತಂಗಿಯ ಪಿಯಾನೊ ಓದಿಗೆ ಅಡ್ಡಿ ಎಂದು ಹಟ ಹಿಡಿದ, ಪಿಯಾನೊ ಮನೆಯಿಂದ ಹೊರಗೆ ಹೋಯಿತು. ಶೈಶವದ ಮರೆವಿನ ಬಗ್ಗೆ ಬರೆಯುವಾಗ ಅವನು ಹಾಡಿನ ಕಡೆ ಹೆಚ್ಚು ನೋಡದಿದ್ದರೆ ಅಚ್ಚರಿಯಿಲ್ಲ.

ಮರೆವಿಗೆ ಕಾರಣ ಹಲವು. ಟೊರೊಂಟೊದ ಶೀನಾ ಜಾಸ್ಲಿನ್ ಮತ್ತು ಪಾಲ್ ಫ್ರಾಂಕ್‌ಲ್ಯಾಂಡ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಪ್ರಕಾರ, ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಎಳವೆಯಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುತ್ತವೆ. ಹೊಸಬರು ಬಂದು ಕೂರುವ ಗಡಿಬಿಡಿಯಲ್ಲಿ ಹಳೆಯ ಎಳೆಗಳು ಕಳಚಿಹೋಗುತ್ತವೆ. ಇನ್ನೊಂದು ಕಾರಣ ಭಾಷೆ. ನ್ಯೂಜಿಲೆಂಡಿನ ಗೇಬ್ರಿಯೆಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇಯ್ನ್ ಒಂದು ಮಾಯಾಪೆಟ್ಟಿಗೆ ಮಾಡಿಸಿದ್ದರು. ದೊಡ್ಡ ಬೊಂಬೆಯನ್ನು ಒಳಗೆ ಹಾಕಿ ಹಿಡಿಕೆ ತಿರುಗಿಸಿದರೆ, ಅದೇ ಬೊಂಬೆ ಪುಟ್ಟದಾಗಿ ಹೊರಗೆ ಬರುತ್ತಿತ್ತು. ಎರಡು ಮೂರು ವರ್ಷದ ಮಕ್ಕಳು ಅದರೊಂದಿಗೆ ಆಡಿದರು. ಆರು ತಿಂಗಳು, ವರ್ಷ ಕಳೆದು ಕೇಳಿದಾಗ ಮಕ್ಕಳ ಮಾತು ಎಷ್ಟೋ ಬೆಳೆದಿತ್ತು. ಆದರೂ ಆಟದ ದಿನ ಬಾರದಿದ್ದ ಒಂದು ಪದವನ್ನೂ ಅವರು ಆ ಆಟದ ಬಗ್ಗೆ ಹೇಳಲು ಬಳಸಲಿಲ್ಲ. ಕೈಗೆ ಪೆಟ್ಟಿಗೆ ಕೊಟ್ಟರೆ ಮಾತ್ರ ಏನು ಮಾಡಬೇಕೆಂಬುದು ಗೊತ್ತಿತ್ತು.

ಮಾತಿಗೆ ಮುಂಚೆ ಕಟ್ಟಿದ ನೆನಪು ಆಮೇಲೆ ಮಾತಿಗೆ ಇಳಿಯುವುದಿಲ್ಲ ಎಂದಾಯಿತು. ಹಾಡಿಗೆ ಈ ತೊಡಕು ಅಷ್ಟಾಗಿ ಇಲ್ಲ. ಧಾಟಿ ಧಾಟಿಯಾಗಿಯೇ ಒಳಗೆ ಹೋಗುತ್ತದೆ, ಧಾಟಿಯಾಗಿಯೇ ಹೊರಗೆ ಬರುತ್ತದೆ. ಯಾರು ಹಾಡಿದರು, ಎಲ್ಲಿ, ಯಾವಾಗ ಎಂಬ ವಿವರ ಮಾತ್ರ ಕಳೆದುಹೋಗುತ್ತದೆ. ಎಲ್ಲಿ ಕಲಿತೆವೆಂದು ಯಾರಿಗೂ ಹೇಳಲು ಬಾರದ ಜೋಗುಳ ಪ್ರತಿ ಮನೆಯಲ್ಲೂ ಒಂದೆರಡು ಇರುತ್ತವೆ. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ತಂದ ‘ಗರತಿಯ ಹಾಡು’ ಸಂಕಲನದ ಹಿಂದೆ ಇರುವುದು ಇಂಥ ನೆನಪೇ. ಬೀಸುವಾಗ, ತೊಟ್ಟಿಲು ತೂಗುವಾಗ ಹೆಂಗಸರ ಬಾಯಿಂದ ಬಂದ ತ್ರಿಪದಿಗಳು ಅವು. ಅವನ್ನು ಅವರು ಯಾರ ಮುಂದೆಯೂ ಪಾಠಕ್ಕೆ ಕೂತು ಕಲಿತಿರಲಿಲ್ಲ.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನ ಕತೆ ಈ ಮಾತನ್ನು ಬೇರೆ ಕಡೆಯಿಂದ ಬೆಳಗುತ್ತದೆ. ಆರೇಳು ವರ್ಷದ ಹುಡುಗ ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ, ಆಲಾಪ, ತಾನುಗಳ ಸಮೇತ ಹಾಗೆಹಾಗೇ ಹಾಡಿ ತೋರಿಸುತ್ತಿದ್ದ. ಆ ಚೀಜುಗಳ, ಅಂದರೆ ಹಾಡುಗಳ, ಭಾಷೆ ಬ್ರಜ, ಹುಡುಗನ ಮನೆಮಾತು ಕನ್ನಡ. ಅರ್ಥ ಗೊತ್ತಾಗುವ ಮಾತೇ ಇರಲಿಲ್ಲ. ಮಠದ ಸ್ವಾಮಿಗಳೊಬ್ಬರು ಕೇಳಿ ಬೆರಗಾಗಿ ಕೊಟ್ಟ ಹೆಸರು ಕುಮಾರ ಗಂಧರ್ವ.

ಆ ತಲೆಮಾರಿನ ಮಕ್ಕಳಿಗೆ ಗ್ರಾಮಫೋನ್ ಕೊಟ್ಟದ್ದೇನು ಎಂಬುದನ್ನು ತುಸು ನಿಂತು ನೋಡಬೇಕು. 1902ರಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗಾಯಕಿ ಗೌಹರ್ ಜಾನಳ ದನಿ ಹಿಡಿದಿಟ್ಟ ಮೇಲೆ ನಮ್ಮ ದೇಶದಲ್ಲಿ ಮುದ್ರಿಕೆಗಳು ಹರಡಿದವು. ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ. ಬೈಠಕ್ಕಿನಲ್ಲಿ ಗಾಯಕ ಒಂದು ಚೀಜನ್ನು ಎರಡು ಸಲ ಒಂದೇ ರೀತಿ ಹಾಡುವುದಿಲ್ಲ. ತಟ್ಟೆ ಮಾತ್ರ ಕೀಲಿ ಕೊಟ್ಟಷ್ಟು ಸಲ ಅದನ್ನೇ ಹಾಡುತ್ತದೆ, ಅದೇ ಉಸಿರು, ಅದೇ ತಿರುವು. ಎಳೆಯ ನೆನಪಿಗೆ ಬೇಕಾದದ್ದು ಈ ಮರುಕಳಿಕೆಯೇ. ಅಂಗಡಿಯವನಿಗೆ ಅದು ಗಿರಾಕಿ ಕರೆಯುವ ಉಪಾಯ, ಬೀದಿಯ ಹುಡುಗರಿಗೆ ಕಾಸಿಲ್ಲದ ಗುರುಕುಲ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಕೂಡ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದ ಹುಡುಗಿಯೇ. ಕೇಳಿದ್ದನ್ನು ಹಾಗೇ ಅನುಕರಿಸಲು ನೋಡುತ್ತಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. ಆದರೆ ಅವರ ಬಾಲ್ಯದ ನೆನಪುಗಳಲ್ಲಿ ಹಾಡಿನ ಜೊತೆಗೆ ಇನ್ನೊಂದು ಸದ್ದೂ ಇದೆ. ಧಾರವಾಡದ ಓಣಿಗಳಲ್ಲಿ ನಡೆಯುವಾಗ ‘ಹಾಡುವವಳು ಬಂದಳು’ ಎಂದು ಹಂಗಿಸುತ್ತಿದ್ದವರ ದನಿ ಅದು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ ದೊಡ್ಡವರ ಬಾಲ್ಯದ ಸಂಗೀತದ ನೆನಪುಗಳನ್ನು ಕೂಡಿಸಿ ನೋಡಿದಾಗ ಕಂಡದ್ದೂ ಇದಕ್ಕೆ ದೂರವಲ್ಲ. ಸವಿಯಾದ ನೆನಪುಗಳು ಹೆಚ್ಚಾಗಿ ಮನೆಯಲ್ಲೋ ಗೆಳೆಯರ ನಡುವೆಯೋ, ಯಾರೂ ಏನನ್ನೂ ನಿರೀಕ್ಷಿಸದೆ ಸುಮ್ಮನೆ ಕೇಳುತ್ತಿದ್ದ ಹೊತ್ತಿನವು. ಕಹಿಯಾದವು ಹಾಡಿ ತೋರಿಸು ಎಂದವರ ಮುಂದೆ, ಬೈಯುವ ಮೇಷ್ಟರ ಮುಂದೆ ನಿಂತ ಹೊತ್ತಿನವು.

ಒಂದೇ ಮಗುವಿಗೆ ಎರಡೂ ಸಿಗಬಹುದು. ರಷ್ಯದಲ್ಲಿ 1882ರಲ್ಲಿ ಹುಟ್ಟಿದ ಸಂಗೀತಕಾರ ಈಗೊರ್ ಸ್ಟ್ರಾವಿನ್‌ಸ್ಕಿ ತನ್ನ ಆತ್ಮಕಥೆಯನ್ನು ತೆರೆಯುವುದೇ ಇಂಥ ನೆನಪುಗಳಿಂದ. ಹಳ್ಳಿಯಲ್ಲಿ ಕೆಂಪು ಕೂದಲಿನ ದೈತ್ಯ ರೈತನೊಬ್ಬನಿದ್ದ, ಮೂಗ. ಅರ್ಥವಿಲ್ಲದ ಎರಡೇ ಅಕ್ಷರಗಳನ್ನು ಬಿರುಸಾಗಿ ಹಾಡುತ್ತ, ಅಂಗೈಯನ್ನು ಕಂಕುಳಲ್ಲಿಟ್ಟು ಒತ್ತಿ ಅಸಭ್ಯವಾದ ಸದ್ದಿನ ತಾಳ ಹಾಕುತ್ತಿದ್ದ. ಹುಡುಗ ಮನೆಗೆ ಬಂದು ಅದನ್ನೇ ಮಾಡಿ ಬೈಸಿಕೊಂಡ. ಸಂಜೆ ಕೆಲಸ ಮುಗಿಸಿ ಮರಳುವ ಹೆಂಗಸರು ಒಂದೇ ದನಿಯಲ್ಲಿ ಹಾಡುತ್ತಿದ್ದುದನ್ನು ಹಾಡಿ ತೋರಿಸಿದಾಗ ಮಾತ್ರ, ಎಂಥ ಕಿವಿ ಎಂದು ಮೆಚ್ಚಿದರು. ವಿಚಿತ್ರವೆಂದರೆ ಓದುಗರ ತಲೆಯಲ್ಲಿ ಉಳಿಯುವುದು ಆ ಮೂಗನ ಹಾಡೇ.

ಈ ಕತೆಗಳನ್ನೆಲ್ಲ ಹೇಳಿದವರು ಹೆಸರಾದ ಮೇಲೆ ಹೇಳಿದರು ಎಂಬುದನ್ನು ಮರೆಯುವಂತಿಲ್ಲ. ಮೊದಲ ನೆನಪು ಹೇಳಿದಷ್ಟೂ ನಯವಾಗುತ್ತದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 6,641 ಜನರ ಪೈಕಿ ಶೇಕಡ 38.6ರಷ್ಟು ಮಂದಿ ತಮ್ಮ ಮೊದಲ ನೆನಪು ಎರಡು ವರ್ಷದ್ದು ಅಥವಾ ಅದಕ್ಕೂ ಹಿಂದಿನದು ಎಂದರು. ಫೋಟೊ ನೋಡಿ, ಮನೆಯವರ ಮಾತು ಕೇಳಿ ಕಟ್ಟಿಕೊಂಡ ಚಿತ್ರಗಳು ಅವಾಗಿರಬಹುದು ಎನ್ನುತ್ತಾರೆ ಸಂಶೋಧಕರು. ‘ನೀನು ತೊಟ್ಟಿಲಲ್ಲಿದ್ದಾಗ ಈ ಹಾಡು ಹಾಕಿದರೇ ಮಲಗುತ್ತಿದ್ದೆ’ ಎಂದು ಅಜ್ಜಿ ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲಕ್ಕೆ ತೊಟ್ಟಿಲೂ ಕಣ್ಣಿಗೆ ಕಾಣುತ್ತದೆ.

ಅಜ್ಜಿಯ ಪಾತ್ರ ಅಲ್ಲಿಗೇ ಮುಗಿಯುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ, ಇಪ್ಪತ್ತರ ಆಸುಪಾಸಿನ ಅಮೆರಿಕನ್ನರಿಗೆ ಐವತ್ತಕ್ಕೂ ಹೆಚ್ಚು ವರ್ಷಗಳ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳು ಹತ್ತಿರವೆನಿಸಿದ್ದು ಸಹಜ. ಆದರೆ 1980ರ ದಶಕದ ಮೊದಲ ವರ್ಷಗಳ ಹಾಡುಗಳೂ, 1960ರ ದಶಕದವೂ ಅವರಲ್ಲಿ ನೆನಪು ಕೆದಕಿದವು. ಅಪ್ಪ ಅಮ್ಮ ಹರೆಯದಲ್ಲಿ ಕೇಳಿದವು ಒಂದು, ಬಹುಶಃ ಅಜ್ಜ ಅಜ್ಜಿಯ ಮನೆಯಲ್ಲಿ ಮೊಳಗಿದವು ಇನ್ನೊಂದು. ಕರ್ನಾಟಕದಲ್ಲಿ ಇಂಥ ಅಧ್ಯಯನ ನಡೆಸುವವರಿಗೆ ಸಾಮಗ್ರಿ ತಯಾರಾಗಿಯೇ ಇದೆ. 1978ರಲ್ಲಿ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟಾಗಿ ಬಂದ ‘ನಿತ್ಯೋತ್ಸವ’ವನ್ನು ತಿರುವಿ ತಿರುವಿ ಹಾಕಿದ ಮನೆಗಳಲ್ಲಿ ಬೆಳೆದವರಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು.

ಮತ್ತೆ ಗಂಗೂಬಾಯಿಯವರ ಮನೆಗೆ ಬರಬೇಕು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಬ್ದುಲ್ ಕರೀಂ ಖಾನರಂಥವರೇ ಬಂದು ಕೂತು ಕೇಳುತ್ತಿದ್ದ ಗಾಯನ ಅವರದು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿನ ನೆರಳು ಅವಳ ಹಾಡಿನ ಮೇಲೆ ಬೀಳಬಾರದೆಂದು ಅಂಬಾಬಾಯಿ ಹಾಡುವುದನ್ನೇ ನಿಲ್ಲಿಸಿದರು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಆ ದನಿ ಮಗಳ ಕಿವಿಗೆ ಬೀಳತೊಡಗಿ ಹತ್ತು ವರ್ಷಕ್ಕೂ ಮೇಲಾಗಿತ್ತು, ಹುಟ್ಟುವ ಮುಂಚಿನ ತಿಂಗಳುಗಳನ್ನು ಬಿಟ್ಟು.