ಬರಗಾಲದಲ್ಲಿ ವಾರದ ಕಂತು

ಗದಗದ ಪಕ್ಕದ ಕಳಸಾಪುರದಂತಹ ಊರುಗಳಲ್ಲಿ ಬೇಸಾಯವೆಂದರೆ ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ. ಮುಂಗಾರಿಗೆ ಹೆಸರು, ಶೇಂಗಾ, ಮೆಣಸಿನಕಾಯಿ. ಹಿಂಗಾರಿಗೆ ಜೋಳ, ಕಡಲೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಮಳೆಯಾಶ್ರಿತ ಬೆಳೆಗೆ ನಿಗದಿಯಾದ ಪರಿಹಾರ ಹೆಕ್ಟೇರಿಗೆ 8,500 ರೂ., ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಸಹೋದರಿಯರೇ, ನಿಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ? ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ಕೂಲಿ ಮಹಿಳೆಗೆ ಆ ಹಣದಲ್ಲಿ ಪಾಲಿಲ್ಲ.

ಆದರೂ ಸಂಜೆಗೆ ಒಲೆ ಹಚ್ಚಬೇಕಾದವಳು ಅವಳೇ. ಮೊದಲು ಮನೆಯ ಆಡು ಸಂತೆಗೆ ಹೋಗುತ್ತದೆ, ಆಮೇಲೆ ಕಿವಿಯೋಲೆ ಅಡವಿಗೆ. ಕೆಲವರು ಗುಳೆ ಹೊರಡುತ್ತಾರೆ. ಮಗಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ಇದಕ್ಕಿಂತ ಭೀಕರವಾದ ದಾರಿಗಳೂ ಇವೆ. ಆಫ್ರಿಕದ 19 ದೇಶಗಳ ಮಾಹಿತಿಯನ್ನಾಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎಚ್‌ಐವಿ ವ್ಯಾಪಕವಾಗಿರುವ ಹಳ್ಳಿಗಳಲ್ಲಿ ಒಂದೊಂದು ಬರಕ್ಕೂ ಸೋಂಕು ಶೇ. 11ರಷ್ಟು ಹೆಚ್ಚಿತ್ತು. ಹಸಿವು ಹೆಣ್ಣನ್ನು ಎಲ್ಲಿಗೆ ದೂಡಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಮನೆ ಬಾಗಿಲಿಗೇ ಬರುವ ಅಪಾಯ ಮೈಕ್ರೋ ಫೈನಾನ್ಸ್‌ನ ಗುಂಪು ಸಾಲ. ಚಿನ್ನ ಬೇಡ, ಹೊಲದ ಕಾಗದ ಬೇಡ. ನೆರೆಹೊರೆಯ ನಾಲ್ಕೈದು ಮಹಿಳೆಯರು ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಕು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಒತ್ತೆ ಇಟ್ಟಿರುವುದು ಅವಳ ಮರ್ಯಾದೆಯನ್ನು! ದಿನವೂ ವ್ಯಾಪಾರವಾಗುವ ಅಂಗಡಿಯವರಿಗೆ ವಾರದ ಕಂತು ಹೊಂದೀತು. ವರ್ಷಕ್ಕೆ ಒಂದೆರಡು ಸಲ ಮಾತ್ರ ಕೈಗೆ ಕಾಸು ಬರುವ ರೈತ ಮನೆಗೆ ಹೇಗೆ ಹೊಂದೀತು? ಹೆಸರು ಒಣಗಿದ ವರ್ಷ ಆ ಕಾಸೂ ಇಲ್ಲ. ಆಗ ಒಂದು ಕಂಪೆನಿಯ ಕಂತಿಗೆ ಇನ್ನೊಂದು ಕಂಪೆನಿಯ ಸಾಲ, ಗಂಡನಿಗೆ ತಿಳಿಯದಂತೆ ಮೂರನೆಯದು. ಮುಳುಗುವುದು ಈ ಎರಡನೆಯ, ಮೂರನೆಯ ಸಾಲದಲ್ಲಿ.

ಬಡ್ಡಿ ನಿಷಿದ್ಧವೆಂದು ನಮಗೆಲ್ಲ ತಿಳಿದಿದೆ. ತಿಳಿದೂ ಸಹಿ ಹಾಕಿದ ಸಹೋದರಿಯನ್ನು ಗದರುವ ಮೊದಲು, ಆ ವಾರ ಅವಳಿಗೆ ಬಡ್ಡಿಯಿಲ್ಲದೆ ಐದು ಸಾವಿರ ಕೊಡುವವರು ಯಾರಿದ್ದರು ಎಂದು ಕೇಳಿಕೊಳ್ಳೋಣ. ನಿಮ್ಮ ಜಮಾಅತ್‌ನಲ್ಲಿ ಬೈತುಲ್ ಮಾಲ್ ಇದ್ದರೆ, ಮಹಿಳೆ ತಾನೇ ಹೋಗಿ ಸಂಕೋಚವಿಲ್ಲದೆ ಕೇಳುವ ವ್ಯವಸ್ಥೆ ಅಲ್ಲಿದೆಯೇ ಎಂದು ವಿಚಾರಿಸಿ.

ಈಗಾಗಲೇ ಸಾಲ ಪಡೆದಿದ್ದೀರಾ? ರಿಸರ್ವ್ ಬ್ಯಾಂಕಿನ 2022ರ ನಿಯಮಗಳು ನಿಮ್ಮ ಪರವಾಗಿವೆ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಯವರು ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂ.ವರೆಗಿನ ದಂಡ ವಿಧಿಸಿತು.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಕಂತು ವಾರಕ್ಕೋ, ತಿಂಗಳಿಗೋ ಎಂಬುದನ್ನು ಸಾಲಗಾರರ ಅನುಕೂಲಕ್ಕೆ ತಕ್ಕಂತೆ ಹೊಂದಿಸಲು ಅವಕಾಶವಿರಬೇಕೆಂದು ಅದೇ ನಿಯಮ ಹೇಳುತ್ತದೆ. ಸುಗ್ಗಿಯ ಲೆಕ್ಕ ಹೇಳಿ ಇದನ್ನು ಕೇಳಿ, ಸಹಿ ಹಾಕುವ ಮೊದಲೇ ಕೇಳಿ, ಗುಂಪಿನವರೆಲ್ಲ ಒಟ್ಟಿಗೆ ಕುಳಿತಿರುವಾಗಲೇ ಕೇಳಿ.