ವಿಳಾಸವಿಲ್ಲದ ಗಲ್ಲಿಗೆ ನಕ್ಷೆಯ ದಾರಿ: ಜೀಡಿಮೆಟ್ಲಾದ ಅಕ್ಕಪಕ್ಕದಲ್ಲೇ ಇದೆ ದೇಶದ ‘ಭೂಪಟ ಮನೆ’

ಹೈದರಾಬಾದ್: ಬಾಲಾನಗರ ದಾಟಿ ನರಸಾಪುರ ರಸ್ತೆಯಲ್ಲಿ ಚಿಂತಲ್, ಶಾಪುರ್‌ನಗರದ ಕಡೆಗೆ ಹೊರಟರೆ ಎರಡೂ ಬದಿಯಲ್ಲಿ ಕಾರ್ಖಾನೆಗಳ ಸಾಲು ಆರಂಭವಾಗುತ್ತದೆ. ಔಷಧದ ಕಚ್ಚಾವಸ್ತು, ಪ್ಲಾಸ್ಟಿಕ್, ಬಿಡಿಭಾಗ ಎಂದು ಐದು ಫೇಸ್‌ಗಳಲ್ಲಿ ಹರಡಿರುವ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶವಿದು. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಅನ್ನ ಅರಸಿ ಭಾಗ್ಯನಗರಕ್ಕೆ ಬಂದ ಕನ್ನಡಿಗರಿಗೆ ಇಂತಹ ಕೈಗಾರಿಕಾ ಪ್ರದೇಶಗಳು ಹೊಸತಲ್ಲ. ರಾತ್ರಿ ಪಾಳಿ, ಸಾಲು ಕೋಣೆ, ವರ್ಷಕ್ಕೊಮ್ಮೆ ಬದಲಾಗುವ ಬಾಡಿಗೆ ಮನೆ. ಇವರಿಗೆ ಕೆಲಸ ಉಂಟು, ಆಧಾರ್ ಕಾರ್ಡ್ ಉಂಟು. ಆದರೆ ಥಟ್ಟನೆ ಕೇಳಿದರೆ ಹೇಳಬಲ್ಲ ವಿಳಾಸ ಮಾತ್ರ ಅನೇಕರಿಗಿಲ್ಲ.

ಸಾಮಾನ್ಯ ದಿನಗಳಲ್ಲಿ ಇದು ದೊಡ್ಡ ಕೊರತೆ ಎನಿಸದು. ನಡುರಾತ್ರಿ ಯಾರಿಗೋ ಎದೆನೋವು ಕಾಣಿಸಿಕೊಂಡು 108ಕ್ಕೆ ಫೋನ್ ಮಾಡಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಆ ಕಡೆಯಿಂದ ‘ಎಕ್ಕಡ?’ ಎಂಬ ಪ್ರಶ್ನೆ. ಈ ಕಡೆಯಿಂದ ‘ಅಣ್ಣಾ, ಬಸ್ ಸ್ಟಾಪಿನ ಹಿಂದ ಕಿರಾಣಿ ಅಂಗಡಿ ಅದ ನೋಡ್ರಿ, ಅದರ ಬಾಜೂಕ’ ಎಂಬ ಉತ್ತರ. ಒಂದೇ ಹೆಸರಿನ ನಗರ, ಕಾಲೊನಿಗಳು ಈ ಊರಿನಲ್ಲಿ ಎಷ್ಟೋ ಇವೆ. ಮೆಟ್ರೋ ಹಾದುಹೋಗುವ ಕಡೆಯವರು ಕಂಬದ ನಂಬರನ್ನೇ ವಿಳಾಸ ಮಾಡಿಕೊಂಡಿದ್ದಾರೆ. ‘ಪಿಲ್ಲರ್ ನಂಬರ್ ಇಂಥದ್ದು’ ಎಂದರೆ ಆಟೋದವರೂ ಬರುತ್ತಾರೆ, ಆಂಬುಲೆನ್ಸೂ ಬರುತ್ತದೆ. ಜೀಡಿಮೆಟ್ಲಾದ ಒಳಗಲ್ಲಿಗಳಿಗೆ ಆ ಭಾಗ್ಯವಿಲ್ಲ.

ಈ ಕಷ್ಟಕ್ಕೆ ಪರಿಹಾರ ಹುಡುಕುವ ವಿದ್ಯೆಯೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಚಿಕ್ಕದಾಗಿ ಜಿಐಎಸ್. ರಸ್ತೆಗಳದ್ದೊಂದು ಪದರ, ನಾಲೆ-ಕೆರೆಗಳದ್ದೊಂದು, ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳದ್ದು ಮತ್ತೊಂದು, ಹೀಗೆ ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಂಪ್ಯೂಟರಿನಲ್ಲಿ ನಕ್ಷೆ ಜೋಡಿಸುವುದು ಇದರ ಕ್ರಮ. ಪದರಗಳು ಸರಿಯಾಗಿ ಕೂತರೆ ‘ಈ ಮನೆಗೆ ಹತ್ತಿರದ ಆಂಬುಲೆನ್ಸ್ ಯಾವುದು, ಅದು ಯಾವ ದಾರಿಯಲ್ಲಿ ಬರಬೇಕು’ ಎಂಬುದಕ್ಕೆ ಕ್ಷಣದಲ್ಲಿ ಉತ್ತರ ಸಿಗುತ್ತದೆ.

ಕೌತುಕವೆಂದರೆ ಈ ವಿದ್ಯೆಯ ದೊಡ್ಡ ಮನೆಗಳು ಜೀಡಿಮೆಟ್ಲಾದ ನೆರೆಹೊರೆಯಲ್ಲೇ ಇವೆ. ದೇಶದಲ್ಲಿ 108 ಸೇವೆ ಮೊದಲು ಆರಂಭವಾದದ್ದು 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ. ಅದನ್ನು ಕಟ್ಟಿದ ಇಎಂಆರ್‌ಐ ಸಂಸ್ಥೆಯ ಆವರಣ ಇರುವುದು ಇಲ್ಲಿಗೆ ಸಮೀಪದ ಮೇಡ್ಚಲ್ ರಸ್ತೆಯಲ್ಲಿ. ಕರೆ ಸ್ವೀಕರಿಸಿದವರ ಎದುರಿನ ಪರದೆಯ ಮೇಲೆ ನಕ್ಷೆ, ವಾಹನ ಎಲ್ಲಿದೆ ಎಂದು ತೋರಿಸುವ ಜಿಪಿಎಸ್, ವಾಹನದೊಳಗೆ ತರಬೇತಾದ ಸಿಬ್ಬಂದಿ: ಈ ಮಾದರಿಯನ್ನೇ ಕರ್ನಾಟಕ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ತನ್ನದಾಗಿಸಿಕೊಂಡಿತು. ಊರಿನಲ್ಲಿ ಅಪ್ಪ-ಅಮ್ಮನ ಬಾಗಿಲಿಗೆ ಬರುವ 108ರ ಬೇರು ಮಗ ದುಡಿಯುವ ಊರಿನಲ್ಲಿದೆ.

ಇನ್ನೊಂದು ಮನೆ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಎನ್‌ಆರ್‌ಎಸ್‌ಸಿ. ಇದರ ಪ್ರಧಾನ ಕಚೇರಿ ಬಾಲಾನಗರದಲ್ಲಿದ್ದರೆ ತರಬೇತಿ ಮತ್ತು ಜನಸಂಪರ್ಕದ ಆವರಣ ಜೀಡಿಮೆಟ್ಲಾದಲ್ಲೇ ಇದೆ. ಉಪಗ್ರಹಗಳ ಚಿತ್ರಗಳನ್ನು ಶಾದ್‌ನಗರದ ಕೇಂದ್ರ ಪಡೆದುಕೊಳ್ಳುತ್ತದೆ. ದೇಶದ ಮೊದಲ ಕಾರ್ಯಾತ್ಮಕ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಆಕಾಶಕ್ಕೇರಿದ್ದು 1988ರ ಮಾರ್ಚ್ 17ರಂದು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಪ್ರೊ. ಯು.ಆರ್. ರಾವ್ ಎಂಬುದು ಹೊರನಾಡ ಕನ್ನಡಿಗರಿಗೆ ಅಭಿಮಾನದ ಸಂಗತಿ. 2009ರ ಆಗಸ್ಟ್‌ನಲ್ಲಿ ‘ಭುವನ್’ ನಕ್ಷಾತಾಣ ಜನರಿಗೆ ತೆರೆದುಕೊಂಡಿತು. ವಿಪತ್ತು ಎದುರಾದಾಗ ಬೇಕಾಗುವ ರಾಷ್ಟ್ರೀಯ ತುರ್ತು ನಿರ್ವಹಣಾ ಮಾಹಿತಿಕೋಶವನ್ನೂ ಇದೇ ಸಂಸ್ಥೆ ನೋಡಿಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಲ್ಲೆಲ್ಲಿ ಜಾರಿವೆ ಎಂದು ಉಪಗ್ರಹ ಚಿತ್ರಗಳಿಂದ ಗುರುತಿಸಿದವರೂ ಇಲ್ಲಿನ ವಿಜ್ಞಾನಿಗಳೇ.

ವಿಳಾಸದ ವಿಷಯಕ್ಕೆ ಬಂದರೆ, ಅಂಚೆ ಇಲಾಖೆಯು ಐಐಟಿ ಹೈದರಾಬಾದ್ ಮತ್ತು ಎನ್‌ಆರ್‌ಎಸ್‌ಸಿ ಸಹಯೋಗದಲ್ಲಿ ರೂಪಿಸಿದ ‘ಡಿಜಿಪಿನ್’ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿದೆ. ಇದರ ಲೆಕ್ಕ ಸರಳ. ಇಡೀ ದೇಶವನ್ನು ಒಂದು ದೊಡ್ಡ ಚೌಕದಲ್ಲಿಟ್ಟು ಅದನ್ನು 16 ಮನೆಗಳಾಗಿ ಭಾಗಿಸುತ್ತಾರೆ. ಪ್ರತಿ ಮನೆಗೂ ಒಂದು ಅಂಕಿ ಅಥವಾ ಅಕ್ಷರ. ಆ ಮನೆಯನ್ನು ಮತ್ತೆ 16 ಭಾಗ. ಹೀಗೆ ಹತ್ತು ಬಾರಿ ಭಾಗಿಸಿದರೆ ಉಳಿಯುವುದು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗ, ಅಂದರೆ ಹೆಚ್ಚು ಕಡಿಮೆ ಒಂದು ಕೋಣೆ. ಹತ್ತು ಅಕ್ಷರದ ಆ ಸಂಕೇತ ಹೇಳಿದರೆ ಬೀದಿಗೆ ಹೆಸರಿರಲಿ ಬಿಡಲಿ, ಜಾಗ ಸಿಗುತ್ತದೆ. ಅಕ್ಷಾಂಶ-ರೇಖಾಂಶದಿಂದಲೇ ಲೆಕ್ಕ ಹಾಕುವುದರಿಂದ ಯಾರ ಹೆಸರೂ ಅದರಲ್ಲಿ ಅಡಗಿರುವುದಿಲ್ಲ. ಬಾಡಿಗೆದಾರ ಬದಲಾದರೂ ಸಂಕೇತ ಬದಲಾಗದು.

ಇದು ಅಂಚೆ ವಿಳಾಸಕ್ಕೆ ಬದಲಿಯಲ್ಲ, ಜೊತೆಗಿರುವಂಥದ್ದು ಎಂದು ಇಲಾಖೆಯೇ ಹೇಳಿದೆ. ಇನ್ನೊಂದು ಮಿತಿಯನ್ನೂ ಗಮನಿಸಬೇಕು. ಸಂಕೇತ ನೆಲದ ಜಾಗವನ್ನು ತೋರಿಸುತ್ತದೆಯೇ ಹೊರತು ಮಹಡಿಯನ್ನಲ್ಲ. ಮೂರನೇ ಮಹಡಿಯ ರೋಗಿಗೂ ನೆಲಮಹಡಿಯ ಅಂಗಡಿಗೂ ಒಂದೇ ಸಂಕೇತ. ಅಷ್ಟನ್ನು ಬಾಯಿಮಾತಿನಲ್ಲೇ ಹೇಳಬೇಕು.

ನೀರಿನ ಕಥೆ ಇನ್ನೂ ಹಳೆಯದು. 2020ರ ಅಕ್ಟೋಬರ್ 13ರ ಮಳೆಗೆ ಹೈದರಾಬಾದ್ ತತ್ತರಿಸಿತ್ತು. ಘಟ್ಕೇಸರ್ ಬಳಿ ಒಂದೇ ದಿನ 32 ಸೆಂ.ಮೀ. ದಾಟಿ ಸುರಿದಿತ್ತು. ಆಗ ಜೀಡಿಮೆಟ್ಲಾ ಕೆರೆ ಎಂದೂ ಕರೆಯುವ ಫಾಕ್ಸ್ ಸಾಗರ ತುಂಬಿ, ತಗ್ಗಿನ ಉಮಾಮಹೇಶ್ವರ ಕಾಲೊನಿ ಹಲವು ದಿನ ನೀರಿನಲ್ಲಿ ನಿಂತಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಕೆರೆಯ ತುಂಬು ಮಟ್ಟ ಎಲ್ಲಿಯವರೆಗೆ ಎಂಬ ಗೆರೆ ನಕ್ಷೆಯಲ್ಲಿದ್ದರೆ ಸಾಲದು, ಮನೆ ಕಟ್ಟುವವರ ಮತ್ತು ಪರವಾನಗಿ ಕೊಡುವವರ ಕಣ್ಣಿಗೂ ಬೀಳಬೇಕು. 2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ ಸ್ಥಾಪಿಸಿದ ‘ಹೈಡ್ರಾ’ ಸಂಸ್ಥೆ ಈಗ ಹಳೆಯ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಕೆರೆಗಳ ಮೂಲ ಗಡಿ ಹುಡುಕುತ್ತಿದೆ. ಅದರ ತೆರವು ಕಾರ್ಯಾಚರಣೆಗಳ ಬಗ್ಗೆ ವಾದ-ವಿವಾದ ಸಾಕಷ್ಟಿವೆ. ಗೆರೆ ಮೊದಲೇ ಬಹಿರಂಗವಾಗಿದ್ದರೆ ಸಾಲ ಮಾಡಿ ಸೈಟು ಕೊಂಡ ಎಷ್ಟೋ ಕುಟುಂಬಗಳು ಇಂದು ಕಣ್ಣೀರು ಹಾಕಬೇಕಿರಲಿಲ್ಲ ಎಂಬುದಂತೂ ನಿಜ.

ಪ್ರವಾಹದ ನಕ್ಷೆ ತಯಾರಿಸಲು ಸಾಮಾನ್ಯ ಕ್ಯಾಮೆರಾದ ಉಪಗ್ರಹ ಸಾಲದು. ಮಳೆಗಾಲದಲ್ಲಿ ಅದಕ್ಕೆ ಮೋಡ ಅಡ್ಡ. ಮೋಡ ತೂರಿ ನೋಡಬಲ್ಲ ರಾಡಾರ್ ಉಪಗ್ರಹ ಬೇಕು. 2022ರ ಫೆಬ್ರವರಿಯಲ್ಲಿ ಹಾರಿದ ಇಒಎಸ್-04 ಇಂಥದ್ದು. ಕೃಷ್ಣಾ, ಭೀಮಾ ತೀರದ ಬಯಲಿನಲ್ಲಿ ನಿಂತ ನೀರು ಅದಕ್ಕೆ ಕಪ್ಪಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಗರದ ಇಕ್ಕಟ್ಟಾದ ಕಟ್ಟಡಗಳ ನಡುವಿನ ನೀರನ್ನು ಗುರುತಿಸುವುದು ರಾಡಾರಿಗೂ ಕಷ್ಟ. ಹಾಗಾಗಿ ಇಲ್ಲಿ ನೆಲದ ಏರು-ತಗ್ಗಿನ ಲೆಕ್ಕ, ಮಳೆಮಾಪಕ, ನಾಲೆಗಳ ಅಳತೆ ಎಲ್ಲವೂ ಸೇರಬೇಕು.

ಈ ಲೆಕ್ಕವನ್ನು ಕಂಪ್ಯೂಟರಿಲ್ಲದೆ ಹಾಕಿದವರು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿತು. 1909ರಲ್ಲಿ ಬಂದ ಅವರು ನಗರದ ಬೀದಿಗಳಲ್ಲಿ ಕಾರಣ ಹುಡುಕದೆ ನದಿಯ ಮೇಲ್ಭಾಗದ ಜಲಾನಯನ ಪ್ರದೇಶವನ್ನೇ ಅಳೆಯಿಸಿದರು. ಅಲ್ಲಿನ 788 ಕೆರೆಗಳಲ್ಲಿ 221 ಒಡೆದಿದ್ದವು ಎಂಬ ಎಣಿಕೆ ಸಿಕ್ಕಿತು. ಒಂದು ಒಡೆದರೆ ಅದರ ಕೆಳಗಿನದ್ದೂ ಒಡೆಯುವ ಸರಪಳಿ ಅದು. ಪ್ರವಾಹವನ್ನು ನಗರದ ಮೇಲುಗಡೆಯೇ ತಡೆಯಬೇಕೆಂಬ ಅವರ ಸಲಹೆಯ ಫಲವೇ 1920ರ ಉಸ್ಮಾನ್ ಸಾಗರ ಮತ್ತು 1927ರ ಹಿಮಾಯತ್ ಸಾಗರ.

ಕಾರ್ಖಾನೆಗಳ ಬೀಡಾದ ಜೀಡಿಮೆಟ್ಲಾಕ್ಕೆ ನೀರಿಗಿಂತ ಬೆಂಕಿಯ ಭಯ ಹೆಚ್ಚು. 2024ರ ನವೆಂಬರ್‌ನಲ್ಲಿ ಇಲ್ಲಿನ ಪ್ಲಾಸ್ಟಿಕ್ ಚೀಲ ತಯಾರಿಕಾ ಘಟಕವೊಂದು ಹೊತ್ತಿ ಉರಿದಾಗ ನಂದಿಸಲು ಗಂಟೆಗಟ್ಟಲೆ ಹೋರಾಡಬೇಕಾಯಿತು. 2025ರ ಜೂನ್ 30ರಂದು ಪಾಶಮೈಲಾರಂನ ಔಷಧ ಕಾರ್ಖಾನೆಯ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜೀವಗಳು ಹೋದವು; ಸತ್ತವರಲ್ಲಿ ಹೊರರಾಜ್ಯದ ಕಾರ್ಮಿಕರೇ ಬಹಳ. ಭೋಪಾಲ್ ದುರಂತದ ನಂತರ ಬಂದ 1989ರ ನಿಯಮಗಳ ಪ್ರಕಾರ ಅಪಾಯಕಾರಿ ರಾಸಾಯನಿಕಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಕಾರ್ಖಾನೆಯ ಗೇಟಿನ ಒಳಗೂ ಹೊರಗೂ ತುರ್ತು ಯೋಜನೆ ಇರಲೇಬೇಕು. ಯಾವ ಟ್ಯಾಂಕಿನಲ್ಲಿ ಏನಿದೆ, ಗಾಳಿ ಯಾವ ಕಡೆಗೆ, ಆ ದಿಕ್ಕಿನಲ್ಲಿ ಶಾಲೆ ಎಷ್ಟು, ಮನೆ ಎಷ್ಟು ಎಂಬುದನ್ನು ಜಿಐಎಸ್ ಪದರಗಳು ಹೇಳಬಲ್ಲವು. ಆದರೆ ಕಾರ್ಮಿಕರ ಸಾಲು ಕೋಣೆಗಳು ಪದರದಲ್ಲಿ ಇಲ್ಲದಿದ್ದರೆ ಆ ನಕ್ಷೆಯಲ್ಲಿ ಅವರೂ ಇಲ್ಲ.

ಸಂಚಾರದ ಮಾತು ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದೇ. ಬಾಲಾನಗರದ ಮೇಲ್ಸೇತುವೆ 2021ರ ಜುಲೈನಲ್ಲಿ ತೆರೆದ ಮೇಲೆ ಉಸಿರಾಟ ತುಸು ಹಗುರಾಗಿದೆ. ಬಂಜಾರಾ ಹಿಲ್ಸ್‌ನಲ್ಲಿ 2022ರ ಆಗಸ್ಟ್ 4ರಂದು ಉದ್ಘಾಟನೆಯಾದ ಪೊಲೀಸ್ ಕಮಾಂಡ್ ಕಂಟ್ರೋಲ್ ಕೇಂದ್ರಕ್ಕೆ ನಗರದ ಕ್ಯಾಮೆರಾಗಳ ದೃಶ್ಯ ಬಂದು ಸೇರುತ್ತದೆ. ಬೆಂಗಳೂರು ಸಂಚಾರ ಪೊಲೀಸರ ‘ಅಸ್ತ್ರಂ’ ವ್ಯವಸ್ಥೆಯಲ್ಲಿ ಆಂಬುಲೆನ್ಸ್ ಸಾಗುವ ದಾರಿ ಮುಂಚಿತವಾಗಿ ತಿಳಿದು ಸಿಗ್ನಲ್ ತೆರವು ಮಾಡುವ ಏರ್ಪಾಡೂ ಇದೆ.

ಡಿಜಿಪಿನ್ ಪಡೆಯಲು ಅರ್ಜಿ, ಶುಲ್ಕ ಏನೂ ಇಲ್ಲ. ಅಂಚೆ ಇಲಾಖೆಯ ‘ನೋ ಯುವರ್ ಡಿಜಿಪಿನ್’ ತಾಣವನ್ನು ಮೊಬೈಲಿನಲ್ಲಿ ತೆರೆದು, ಜಿಪಿಎಸ್ ಚಾಲೂ ಮಾಡಿ, ಬಾಗಿಲ ಎದುರು ನಿಂತರೆ ಸಂಕೇತ ಕಾಣುತ್ತದೆ. ಅದನ್ನು ಮಹಡಿಯ ಸಂಖ್ಯೆ, ಮನೆ ಮಾಲೀಕರ ಹೆಸರು, ಹತ್ತಿರದ ಗುಡಿ ಅಥವಾ ಕಾರ್ಖಾನೆಯ ಗುರುತಿನ ಜೊತೆ ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಬಹುದು. ತೆಲುಗು ಬಲ್ಲ ಪಕ್ಕದ ಮನೆಯವರ ಫೋನ್ ನಂಬರನ್ನೂ ಅದೇ ಚೀಟಿಯಲ್ಲಿ ಬರೆದಿಟ್ಟರೆ 108ರವರ ಜೊತೆ ಮಾತಾಡುವಾಗ ಸಮಯ ಉಳಿಯುತ್ತದೆ.